ಕಂತಿನಲ್ಲಿ ಮಾರುವ ಆಟ: ಲಾಭವೋ, ನಷ್ಟವೋ?

ಕಳೆದ ಆದಿತ್ಯವಾರ ಬೆಳಿಗ್ಗೆ ನಮ್ಮ ಪತ್ರಿಕೆಯ ಹಳೆಯ ಚಂದಾದಾರರೊಬ್ಬರು ಕಚೇರಿಗೆ ದಯಮಾಡಿಸಿದ್ದರು. ಕೋಟೆ ವಿಭಾಗದ ಸಂಸ್ಥೆಯೊಂದರಲ್ಲಿ ಮೂವತ್ತೊಂದು ವರ್ಷಗಳಿಂದ ಗುಮಾಸ್ತರಾಗಿರುವ ಅವರು ಬರುವ ಮಾರ್ಚಿಯಲ್ಲಿ ನಿವೃತ್ತರಾಗಲಿದ್ದಾರೆ. ಪುಣೆಯಲ್ಲಿ ಗಣಕಯಂತ್ರದ ವಿದ್ಯೆ ಕಲಿತ ಅವರ ಮಗನು ತನ್ನ ಮೂವರು ಗೆಳೆಯರೊಡಗೂಡಿ ವಿಡಿಯೋ ಆಟವೊಂದನ್ನು ರಚಿಸಲು ಹೊರಟಿದ್ದಾನೆ. ಆಟವನ್ನು ಒಮ್ಮೆಲೇ ಪೂರ್ತಿಯಾಗಿ ಮಾರುವ ಯೋಚನೆ ಅವನದಲ್ಲ. ಐದು ಕಂತುಗಳನ್ನಾಗಿ ಮಾಡಿ, ಒಂದೊಂದಕ್ಕೂ ಇನ್ನೂರು ರೂಪಾಯಿ ಬೆಲೆಯಿಟ್ಟು, ಮೊದಲ ಕಂತಿನ ಗಳಿಕೆಯಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ಸಿದ್ಧಪಡಿಸುವುದೆಂದು ಅವನ ಲೆಕ್ಕಾಚಾರ. ಆರಂಭಕ್ಕೆ ತಂದೆಯ ಪ್ರಾವಿಡೆಂಟ್ ಫಂಡಿನಿಂದ ಐದು ಲಕ್ಷ ರೂಪಾಯಿ ಬೇಕಂತೆ. “ನೀವು ಹೋಟೆಲು ನಡೆಸಿದವರು, ಈಗ ಪತ್ರಿಕೆ ನಡೆಸುವವರು. ಇದು ನಡೆಯುವ ವ್ಯಾಪಾರವೋ ಅಲ್ಲವೋ, ಒಂದು ಮಾತು ಹೇಳಿ ಮಾರಾಯರೇ” ಎಂದು ಅವರು ಕೇಳಿದರು.

ಎಸ್.ಎಸ್.ಎಲ್.ಸಿ. ದಾಟಿ ಮುಂದೆ ಓದದ ನಾವು ಇಂಥ ವಿಷಯದಲ್ಲಿ ಪಾಂಡಿತ್ಯವನ್ನು ನಟಿಸಲಾರೆವು. ಆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲೆಳೆದು, ನೆಲ ತೊಳೆದು, ಅಟ್ಟ ಹತ್ತಿದ ಮೇಲೆ ನಮ್ಮ ಹೋಟೆಲಿನ ಹುಡುಗರು ನಿದ್ದೆಯನ್ನು ಬಿಟ್ಟಾದರೂ ಮೊಬೈಲಿನಲ್ಲಿ ಆಟವಾಡುವುದನ್ನು ಬಹಳ ವರ್ಷಗಳಿಂದ ಕಂಡಿದ್ದೇವೆ. ಗಿರಾಕಿ ಯಾವುದಕ್ಕೆ ಜೇಬಿಗೆ ಕೈಹಾಕುತ್ತಾನೆ, ಯಾವುದಕ್ಕೆ ಹಾಕುವುದಿಲ್ಲ ಎಂಬುದನ್ನು ಗಲ್ಲಾದ ಮೇಲೆ ಕುಳಿತವನು ತಕ್ಕಮಟ್ಟಿಗೆ ಅರಿತಿರುತ್ತಾನೆ. ಆ ಧೈರ್ಯದಿಂದ ಈ ವಾರ ದೊರೆತಷ್ಟು ವಿವರಗಳನ್ನು ಕೂಡಿಹಾಕಿ ಪರಿಶೀಲಿಸಿದೆವು. ಇತರ ಓದುಗರ ಮಕ್ಕಳಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಂತು ಎಂಬ ಮಾತನ್ನೇ ತೂಗಿ ನೋಡಬೇಕು. ನಾವು ನೀವು ಕಂತಿನ ಮೇಲೆ ಫ್ರಿಜ್ಜನ್ನು ಕೊಳ್ಳುವಾಗ ಸಾಮಾನು ಇಂದೇ ಮನೆಗೆ ಬರುತ್ತದೆ, ಹಣ ತಿಂಗಳು ತಿಂಗಳು ಹೋಗುತ್ತದೆ. ಇಲ್ಲಿ ಹಾಗಲ್ಲ, ಸಾಮಾನೂ ತುಂಡುತುಂಡಾಗಿಯೇ ಬರುತ್ತದೆ. ಮುಂದಿನ ತುಂಡು ಬಂದೇ ಬರುವುದೆಂಬ ನಂಬಿಕೆಯೊಂದೇ ಕೊಳ್ಳುವವನ ಜಾಮೀನು. ಸಾಹಿತ್ಯದಲ್ಲಿ ಇದು ಹೊಸದೇನೂ ಅಲ್ಲ. ಡಿಕನ್ಸ್ ಮಹಾಶಯನ ‘ಪಿಕ್‌ವಿಕ್ ಪೇಪರ್ಸ್’ ೧೮೩೬-೩೭ರಲ್ಲಿ ಲಂಡನ್ನಿನಲ್ಲಿ ತಿಂಗಳಿಗೊಂದು ಸಂಚಿಕೆಯಂತೆ ಒಂದು ಶಿಲ್ಲಿಂಗಿಗೆ ಮಾರಾಟವಾಯಿತು. ಆರಂಭದಲ್ಲಿ ಸಾವಿರ ಪ್ರತಿಗಳ ಮಟ್ಟದಲ್ಲಿದ್ದುದು ಕೊನೆಕೊನೆಗೆ ನಲವತ್ತು ಸಾವಿರಕ್ಕೇರಿತು. ಪೂರ್ತಿ ಪುಸ್ತಕಕ್ಕೆ ದುಡ್ಡು ಹೊಂದಿಸಲಾರದ ಬಡ ಓದುಗನೂ ತಿಂಗಳಿಗೊಂದು ಶಿಲ್ಲಿಂಗನ್ನು ಹೊಂದಿಸಬಲ್ಲವನಾಗಿದ್ದನು. ಕಂತಿನ ಮಾರಾಟದ ಮುಖ್ಯ ಬಲವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ.

ಗಣಕಯಂತ್ರದ ಆಟಗಳಲ್ಲಿ ಇದನ್ನು ಜಾಣತನದಿಂದ ಉಪಯೋಗಿಸಿಕೊಂಡವರಲ್ಲಿ ಅಮೇರಿಕದ ಅಪೋಜಿ ಎಂಬ ಸಣ್ಣ ಸಂಸ್ಥೆಯ ಸ್ಕಾಟ್ ಮಿಲ್ಲರ್ ಮೊದಲಿಗರು. ೧೯೮೭ರಲ್ಲಿ ತಮ್ಮ ‘ಕ್ರಾಜ್’ ಎಂಬ ಆಟದ ಮೊದಲ ಭಾಗವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಿಕೊಳ್ಳಲಿ ಎಂದು ಧರ್ಮಾರ್ಥ ಬಿಟ್ಟುಕೊಟ್ಟರು. ರುಚಿ ಹತ್ತಿದವರು ಉಳಿದ ಭಾಗಗಳಿಗೆ ಹಣ ಕಳುಹಿಸಿ ತರಿಸಿಕೊಂಡರು. ೧೯೯೦ರ ‘ಕಮಾಂಡರ್ ಕೀನ್’, ೧೯೯೩ರ ಪ್ರಸಿದ್ಧ ‘ಡೂಮ್’ ಇದೇ ಹಾದಿಯಲ್ಲಿ ನಡೆದವು. ಓದುಗರು ಒಂದು ಅಂಶವನ್ನು ಗಮನಿಸಬೇಕು. ಡೂಮಿನ ಮೂರು ಭಾಗಗಳೂ ಮೊದಲೇ ಸಿದ್ಧವಾಗಿದ್ದವು. ಮೈಸೂರು ಪಾಕಿನ ಅಂಗಡಿಯವನು ತುದಿಬೆರಳಿನಷ್ಟು ಚೂರನ್ನು ರುಚಿಗೆ ಕೊಡುವಾಗ ಅವನ ಹಿಂದೆ ತಟ್ಟೆ ತುಂಬ ಮೈಸೂರು ಪಾಕು ಇರುತ್ತದೆ. ಚೂರಿನ ದುಡ್ಡಿನಿಂದ ತುಪ್ಪ ತರಿಸಿ ತಟ್ಟೆ ತುಂಬಿಸುತ್ತೇನೆಂದು ಅವನು ಹೇಳುವುದಿಲ್ಲ.

ಪೆಟ್ಟಿಗೆಯಲ್ಲಿಟ್ಟು ಅಂಗಡಿಯಲ್ಲಿ ಮಾರುವ ಕಾಲದಲ್ಲಿ ಐದು ಡಾಲರಿನ ಆಟಕ್ಕೆ ಅರ್ಥವಿರಲಿಲ್ಲ. ಪೆಟ್ಟಿಗೆ, ಸಾಗಾಣಿಕೆ, ಅಂಗಡಿಕಾರನ ಪಾಲು ಇವುಗಳಲ್ಲಿಯೇ ಅದು ಕರಗಿಹೋಗುತ್ತಿತ್ತು. ೨೦೦೩ರಲ್ಲಿ ವಾಲ್ವ್ ಎಂಬ ಸಂಸ್ಥೆಯು ಸ್ಟೀಮ್ ಎಂಬ ಅಂತರಜಾಲದ ಮಳಿಗೆಯನ್ನು ತೆರೆದ ತರುವಾಯ ಮಾತು ಬದಲಾಯಿತು. ಅದೇ ವಾಲ್ವ್ ತನ್ನ ‘ಹಾಫ್-ಲೈಫ್ ೨’ರ ಕಥೆಯನ್ನು ಮೂರು ಕಂತುಗಳಲ್ಲಿ ಮುಂದುವರಿಸುವುದಾಗಿ ಸಾರಿತು. ದೊಡ್ಡ ಆಟಕ್ಕೆ ಐದಾರು ವರ್ಷ ಹಿಡಿಯುವುದು, ಸಣ್ಣದನ್ನು ಬೇಗ ಬೇಗ ಕೊಡೋಣ ಎಂಬುದು ಅವರ ವಾದ. ಮೊದಲ ಕಂತು ೨೦೦೬ರ ಜೂನಿನಲ್ಲಿ ಬಂತು. ೨೦೦೭ರ ಕ್ರಿಸ್ಮಸ್ಸಿನೊಳಗೆ ಮೂರೂ ಮುಗಿಯಬೇಕಾಗಿತ್ತು. ಎರಡನೆಯದೇ ೨೦೦೭ರ ಅಕ್ಟೋಬರಿಗೆ ಬಂತು. ಮೂರನೆಯದು ಬರಲೇ ಇಲ್ಲ. ಕಂತಿನಿಂದ ಕಂತಿಗೆ ಆಟ ಹಿಗ್ಗುತ್ತ ಹೋಗಿ, ಸಣ್ಣದು ಸಣ್ಣದಾಗಿ ಉಳಿಯಲಿಲ್ಲ. ೨೦೨೪ರಲ್ಲಿ ಆ ಆಟಕ್ಕೆ ಇಪ್ಪತ್ತು ವರ್ಷ ತುಂಬಿದಾಗ ತಯಾರಿಸಿದ ಚಿತ್ರದಲ್ಲಿ ಸಂಸ್ಥೆಯ ಮುಖ್ಯಸ್ಥ ಗೇಬ್ ನ್ಯೂವೆಲ್, ಮೂರನೆಯ ಕಂತಿನಲ್ಲಿ ಹೊಸದಾಗಿ ಏನನ್ನು ಸಾಧಿಸುವುದೆಂದು ತಮಗೆ ಹೊಳೆಯಲಿಲ್ಲವೆಂಬರ್ಥದಲ್ಲಿ ಒಪ್ಪಿಕೊಂಡರು. ಮಳಿಗೆಯೇ ಸ್ವಂತದ್ದಾಗಿರುವವರು, ಅನ್ಯರ ಮಾರಾಟದಲ್ಲಿಯೂ ಪಾಲು ಪಡೆಯುವವರು, ಇಂಥ ಮಾತನ್ನು ಆರಾಮವಾಗಿ ಹೇಳಬಹುದು.

ಹಾಗೆ ಹೇಳಲಾಗದೆ ಹೋದವರೂ ಇದ್ದಾರೆ. ರಿಚುಯಲ್ ಎಂಬ ಚಿಕ್ಕ ಸಂಸ್ಥೆ ೨೦೦೬ರ ಮೇ ತಿಂಗಳಲ್ಲಿ ‘ಸಿನ್ ಎಪಿಸೋಡ್ಸ್’ ಎಂಬ ಆಟದ ಮೊದಲ ಕಂತನ್ನು ಹೊರತಂದಿತು. ಒಂಬತ್ತು ಕಂತುಗಳ ಯೋಜನೆಯಿತ್ತು. ಮರು ವರ್ಷ ಜನವರಿಯಲ್ಲಿ ಸಂಸ್ಥೆ ಬೇರೆಯವರ ಪಾಲಾಯಿತು. ಉಳಿದ ಎಂಟು ಕಂತುಗಳು ಕಾಗದದ ಮೇಲೆಯೇ ಉಳಿದವು.

ಇಲ್ಲಿ ನಮ್ಮದೇ ಒಂದು ದಡ್ಡತನವನ್ನು ಹೇಳಿಕೊಳ್ಳದೆ ಗತ್ಯಂತರವಿಲ್ಲ. ಹೋಟೆಲು ತೆರೆದ ಎರಡನೆಯ ವರ್ಷ ನಾವು ಊಟದ ಕೂಪನ್ ಪುಸ್ತಕಗಳನ್ನು ಮಾರಿದೆವು. ಮೂವತ್ತು ಊಟದ ಕೂಪನ್ನು ಒಟ್ಟಿಗೆ ಕೊಂಡವರಿಗೆ ಇಪ್ಪತ್ತಾರು ಊಟದ ಬೆಲೆ ಮಾತ್ರ. ಸುತ್ತಲಿನ ಆಫೀಸಿನ ಗುಮಾಸ್ತರೆಲ್ಲ ಮುಗಿಬಿದ್ದು ಕೊಂಡರು. ಒಂದೇ ವಾರದಲ್ಲಿ ಗಲ್ಲಾ ತುಂಬಿತು. ನಾವು ಅದನ್ನು ಲಾಭವೆಂದೇ ಭಾವಿಸಿ ಹೊಸ ಗ್ರೈಂಡರನ್ನು ಕೊಂಡು, ಎರಡು ಮೇಜುಗಳಿಗೆ ಅಮೃತಶಿಲೆ ಹಾಕಿಸಿದೆವು. ಆ ತಿಂಗಳು ತೊಗರಿಬೇಳೆಯ ಬೆಲೆ ಏರಿತು. ಕೂಪನ್ ಹಿಡಿದು ಬಂದವರಿಗೆ ಅನ್ನ, ಸಾರು, ಹುಳಿ, ಎರಡು ಪಲ್ಯ ಬಡಿಸಲೇಬೇಕಲ್ಲವೇ? ಕೈಯಲ್ಲಿದ್ದ ಹಣ ಲಾಭವಾಗಿರಲಿಲ್ಲ, ಇನ್ನೂ ಬೇಯಿಸದ ಊಟದ ಸಾಲವಾಗಿತ್ತು. ಇಪ್ಪತ್ತನೆಯ ತಾರೀಖಿಗೆ ಅಡುಗೆ ಭಟ್ಟರ ಸಂಬಳಕ್ಕೆ ಹಣವಿಲ್ಲದೆ ನಾವು ಬಾವನ ಬಳಿ ಕೈಯೊಡ್ಡಿದ್ದು ಇಂದಿಗೂ ನೆನಪಿದೆ.

ಆಟದ ವ್ಯಾಪಾರದಲ್ಲಿ ಈ ಕೂಪನ್ ಪುಸ್ತಕಕ್ಕೆ ಸೀಸನ್ ಪಾಸ್ ಎಂಬ ಹೆಸರಿದೆ. ಎಲ್ಲ ಕಂತುಗಳ ಬೆಲೆಯನ್ನು ಮುಂಗಡ ಪಡೆದು, ಆಟವನ್ನು ತಿಂಗಳು ತಿಂಗಳು ಒಪ್ಪಿಸುವ ಕ್ರಮ. ಇದನ್ನು ಬಹಳ ಎತ್ತರಕ್ಕೆ ಕೊಂಡೊಯ್ದು, ಅಲ್ಲಿಂದಲೇ ಬಿದ್ದ ಸಂಸ್ಥೆಯ ಹೆಸರು ಟೆಲ್‌ಟೇಲ್. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಬೇರೊಂದು ದೊಡ್ಡ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು ಸೇರಿ ೨೦೦೪ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ರಫೇಲಿನಲ್ಲಿ ಇದನ್ನು ಸ್ಥಾಪಿಸಿದರು. ೨೦೦೬ರ ಅಕ್ಟೋಬರಿನಿಂದ ೨೦೦೭ರ ಏಪ್ರಿಲಿನವರೆಗೆ ‘ಸ್ಯಾಮ್ ಅಂಡ್ ಮ್ಯಾಕ್ಸ್’ ಎಂಬ ವಿನೋದದ ಆಟದ ಆರು ಕಂತುಗಳನ್ನು ಹೇಳಿದ ಸಮಯಕ್ಕೆ ಒಪ್ಪಿಸಿದರು. ಕಂತಿನ ವ್ಯಾಪಾರ ಸಾಧ್ಯವೆಂದು ಮೊದಲ ಸಲ ಜಗತ್ತಿಗೆ ನಂಬಿಕೆ ಬಂದುದು ಆಗ. ಆದರೆ ಟರ್ನರ್ ಪ್ರಸಾರ ಸಂಸ್ಥೆಯ ಗೇಮ್‌ಟ್ಯಾಪ್ ಎಂಬ ಚಂದಾ ಸೇವೆ ಅವರ ಬೆನ್ನಿಗಿತ್ತು. ಪ್ರತಿ ಕಂತೂ ಮೊದಲು ಆ ಚಂದಾದಾರರಿಗೆ ದೊರೆತು ಆಮೇಲೆ ಬಿಡಿಯಾಗಿ ಮಾರಾಟವಾಗುತ್ತಿತ್ತು. ಈ ಸಂಗತಿಯನ್ನು ಅನುಕರಣೆ ಮಾಡಹೊರಟವರು ಬಹುಶಃ ಮರೆತರು.

೨೦೧೨ರ ಏಪ್ರಿಲಿನಲ್ಲಿ ‘ದಿ ವಾಕಿಂಗ್ ಡೆಡ್’ ಆರಂಭವಾಯಿತು. ಐದು ಕಂತುಗಳು, ಒಂದೊಂದಕ್ಕೆ ಸುಮಾರು ಐದು ಡಾಲರು. ಸತ್ತವರು ಎದ್ದು ಓಡಾಡುವ ನಾಡಿನಲ್ಲಿ ಒಬ್ಬ ಅಪರಾಧಿಯೂ ಒಂದು ಪುಟ್ಟ ಹುಡುಗಿಯೂ ಬದುಕುಳಿಯಲು ಹೆಣಗುವ ಕಥೆ. ಆಡುವವನು ಮಾಡಿದ ಆಯ್ಕೆಯ ಫಲ ಮುಂದಿನ ಕಂತಿನಲ್ಲಿ ಎದುರಾಗುತ್ತದೆ. ನಡುವಿನ ವಾರಗಳಲ್ಲಿ ಜನ ಇದನ್ನೇ ಚರ್ಚಿಸಿದರು. ಒಂದೊಂದು ಕಂತು ಬಂದಾಗಲೂ ಪತ್ರಿಕೆಗಳು ಹೊಸದಾಗಿ ಬರೆದವು. ಒಮ್ಮೆಲೇ ಮಾರುವ ಆಟಕ್ಕೆ ಒಂದೇ ಸಲ ದೊರೆಯುವ ಪ್ರಚಾರ ಇದಕ್ಕೆ ಐದು ಸಲ ದೊರೆಯಿತು. ೨೦೧೩ರ ಜನವರಿಯ ವೇಳೆಗೆ ೮೫ ಲಕ್ಷ ಕಂತುಗಳು ಮಾರಾಟವಾಗಿ ಸುಮಾರು ೪ ಕೋಟಿ ಡಾಲರು ಬಂದಿತೆಂದು ವರದಿಯಾಯಿತು. ಕಂತಿನ ವ್ಯಾಪಾರದಲ್ಲಿ ಹುರುಳಿಲ್ಲವೆಂದು ಹೇಳುವವರು ಈ ಅಂಕಿಯನ್ನು ದಾಟಿ ಹೋಗುವಂತಿಲ್ಲ.

ಒಂದು ಮೇಜಿನಲ್ಲಿ ದೋಸೆ ಚೆನ್ನಾಗಿ ಓಡಿತೆಂದು ಒಂದೇ ಹಿಟ್ಟಿನಿಂದ ಹತ್ತು ಶಾಖೆಗಳನ್ನು ತೆರೆದವರನ್ನು ನಾವು ಮುಂಬಯಿಯಲ್ಲಿ ಕಂಡಿದ್ದೇವೆ. ಟೆಲ್‌ಟೇಲ್ ಅದನ್ನೇ ಮಾಡಿತು. ಒಂದರ ಹಿಂದೊಂದು ಹೆಸರಾಂತ ಕಥೆಗಳ ಹಕ್ಕನ್ನು ಪಡೆದು, ಹಲವು ಆಟಗಳನ್ನು ಏಕಕಾಲಕ್ಕೆ ಕಂತಿಗಿಟ್ಟಿತು. ಆಟದ ಯಂತ್ರ ಹಳೆಯದೇ, ರೀತಿಯೂ ಅದೇ. ಕಂತಿಗೆ ಗಡುವು ಇದ್ದೇ ಇದೆ. ಒಂದು ಮುಗಿಯುವಷ್ಟರಲ್ಲಿ ಮತ್ತೊಂದು ತಲೆಯ ಮೇಲೆ. ಬಿಡುವಿಲ್ಲದ ದುಡಿಮೆಯ ಬಗ್ಗೆ ಅಲ್ಲಿ ಕೆಲಸ ಮಾಡಿದವರೇ ಪತ್ರಿಕೆಗಳ ಮುಂದೆ ಹೇಳಿಕೊಂಡರು. ಇತ್ತ ಕೊಳ್ಳುವವರು, ಐದೂ ಬರಲಿ, ಬೆಲೆ ಇಳಿಯಲಿ, ಆಮೇಲೆ ನೋಡೋಣ ಎಂದು ಕಾಯುವುದನ್ನು ಕಲಿತರು. ೨೦೧೭ರ ನವೆಂಬರಿನಲ್ಲಿ ೯೦ ಜನರನ್ನು ಬಿಡಿಸಲಾಯಿತು. ೨೦೧೮ರ ಸೆಪ್ಟೆಂಬರ್ ೨೧ರಂದು ಸುಮಾರು ೨೫೦ ಜನರನ್ನು ಒಂದೇ ದಿನದಲ್ಲಿ ಮನೆಗೆ ಕಳುಹಿಸಲಾಯಿತು. ಬಿಡುಗಡೆಯ ಹಣವೆಂದು ಒಂದು ಕಾಸೂ ಅವರಿಗೆ ದೊರೆಯಲಿಲ್ಲ. ಇದಾದ ನಾಲ್ಕೇ ದಿನಕ್ಕೆ, ಅದೇ ‘ವಾಕಿಂಗ್ ಡೆಡ್’ನ ಕೊನೆಯ ಸರಣಿಯ ಎರಡನೆಯ ಕಂತು ಮಾರಾಟಕ್ಕೆ ಬಂತು. ಅದನ್ನು ಮಾಡಿದ ಕೈಗಳು ಆಗಲೇ ಬೀದಿಯಲ್ಲಿದ್ದವು.

ಹೋಟೆಲಿನ ಬಾಗಿಲಿಗೆ ಒಂದು ಬೆಳಿಗ್ಗೆ ಬೀಗ ಬಿದ್ದು, ಅಟ್ಟದ ಮೇಲಿನ ಟ್ರಂಕು ಬೀದಿಗೆ ಬಂದ ಅನುಭವ ನಮ್ಮ ಓದುಗರಲ್ಲಿ ಅನೇಕರಿಗಿದೆ. ಅವರಿಗೆ ಈ ಸಾಲುಗಳನ್ನು ವಿವರಿಸಬೇಕಾಗಿಲ್ಲ.

ನಾಲ್ಕು ಕಂತಿಗೆ ಮುಂಗಡ ಕೊಟ್ಟಿದ್ದ ಗಿರಾಕಿಗಳ ಕೈಯಲ್ಲಿ ಎರಡು ಮಾತ್ರ ಉಳಿದವು. ಮೂಲ ಕಥೆಯ ಒಡೆಯರಾದ ಸ್ಕೈಬೌಂಡ್ ಸಂಸ್ಥೆಯವರು ಮುಂದೆ ಬಂದು, ಹಳೆಯ ಕೆಲಸಗಾರರಲ್ಲಿ ಕೆಲವರನ್ನು ಕರೆಸಿಕೊಂಡು, ೨೦೧೯ರ ಮಾರ್ಚಿಯೊಳಗೆ ಉಳಿದೆರಡನ್ನು ಮುಗಿಸಿಕೊಟ್ಟದ್ದರಿಂದ ಮಾತು ಉಳಿಯಿತು. ಎಲ್ಲರಿಗೂ ಇಂಥ ಆಪದ್ಬಾಂಧವರು ದೊರೆಯುವುದಿಲ್ಲ.

ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿರುವ ಐಓ ಇಂಟರಾಕ್ಟಿವ್ ಎಂಬ ಸಂಸ್ಥೆಯ ಅನುಭವ ಬೇರೆ ಬಗೆಯದು. ಅದರ ‘ಹಿಟ್‌ಮನ್’ ಆಟ ೨೦೧೬ರಲ್ಲಿ ಊರಿಗೊಂದು ಕಂತಿನಂತೆ ಬಂತು. ಮಾರ್ಚಿಯಲ್ಲಿ ಪ್ಯಾರಿಸ್, ಅಕ್ಟೋಬರಿನ ಕೊನೆಯ ದಿನ ಜಪಾನಿನ ಹೊಕ್ಕೈಡೊ. ಆರಂಭದ ಕಂತಿಗೆ ೧೫ ಡಾಲರು, ಎಲ್ಲವೂ ಬೇಕಾದವರಿಗೆ ೬೦. ಆಟಗಾರರು ಒಂದೇ ಊರನ್ನು ತಿಂಗಳುಗಟ್ಟಲೆ ಸುತ್ತಿ, ಅದರ ಮೂಲೆಮೂಲೆಯನ್ನು ಅರಿತರು. ತಯಾರಕರು ಅವರ ದೂರುಗಳನ್ನು ಕೇಳಿ ಮುಂದಿನ ಊರನ್ನು ತಿದ್ದಿಕೊಂಡರು. ಆಟದ ಗುಣಕ್ಕೆ ಇದರಿಂದ ಉಪಕಾರವೇ ಆಯಿತು. ಆದರೂ ೨೦೧೭ರ ಮೇ ತಿಂಗಳಲ್ಲಿ ಅದರ ಜಪಾನೀ ಒಡೆಯರಾದ ಸ್ಕ್ವೇರ್ ಎನಿಕ್ಸ್ ಸುಮಾರು ೪೯೦ ಕೋಟಿ ಯೆನ್ ನಷ್ಟವನ್ನು ಬರೆದುಕೊಂಡು ಸಂಸ್ಥೆಯಿಂದ ಹೊರಗೆ ಹೋದರು. ಆಡಳಿತದವರೇ ಅದನ್ನು ಕೊಂಡು, ಆಟದ ಹಕ್ಕನ್ನೂ ಉಳಿಸಿಕೊಂಡರು. ನಷ್ಟಕ್ಕೆಲ್ಲ ಕಂತೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಸ್ವತಂತ್ರರಾದ ಮೇಲೆ ಅವರು ೨೦೧೮ರ ಎರಡನೆಯ ಆಟವನ್ನೂ ೨೦೨೧ರ ಮೂರನೆಯದನ್ನೂ ಕಂತಿನಲ್ಲಿ ಮಾರಲಿಲ್ಲ. ಫ್ರಾನ್ಸಿನ ಡೋಂಟ್‌ನಾಡ್ ಸಂಸ್ಥೆ ೨೦೧೫ರಲ್ಲಿ ಕಂತಿನಲ್ಲಿಯೇ ಹೆಸರು ಮಾಡಿದ ‘ಲೈಫ್ ಈಸ್ ಸ್ಟ್ರೇಂಜ್’ ಎಂಬ ಆಟದ ಸಾಲಿನಲ್ಲಿ ೨೦೨೧ರ ಭಾಗವು, ಬೇರೆಯವರ ಕೈಯಿಂದ, ಪೂರ್ತಿಯಾಗಿಯೇ ಹೊರಬಂತು. ಕೈ ಸುಟ್ಟುಕೊಂಡವರೂ ಸುಟ್ಟುಕೊಳ್ಳದವರೂ ಒಂದೇ ಕಡೆಗೆ ಸರಿದದ್ದು ಆಲೋಚಿಸತಕ್ಕ ವಿಷಯ.

ಈಗ ನಮ್ಮ ಚಂದಾದಾರರ ಮಗನ ಲೆಕ್ಕಕ್ಕೆ ಬರೋಣ. ಅಂದಾಜಿನ ಲೆಕ್ಕವೆಂದು ಮೊದಲೇ ಹೇಳಿಬಿಡುತ್ತೇವೆ. ನಾಲ್ವರು ಹುಡುಗರು ತಲಾ ಮೂವತ್ತು ಸಾವಿರದಲ್ಲಿ ಹೊಟ್ಟೆ ಹೊರೆದುಕೊಂಡರೆ ತಿಂಗಳಿಗೆ ೧ ಲಕ್ಷ ೨೦ ಸಾವಿರ. ಮೊದಲ ಕಂತಿಗೆ ಎಂಟು ತಿಂಗಳು, ಆಮೇಲಿನ ಒಂದೊಂದಕ್ಕೆ ನಾಲ್ಕು ತಿಂಗಳು. ಹೋಟೆಲಿನಲ್ಲಿ ಮೊದಲ ಇಡ್ಲಿ ಬೇಯುವ ಮೊದಲೇ ಡಿಪಾಸಿಟು, ಒಲೆ, ಪಾತ್ರೆ ಎಲ್ಲಕ್ಕೂ ಸುರಿಯಬೇಕಷ್ಟೆ. ಆಟದಲ್ಲಿಯೂ ಮೊದಲ ಕಂತಿಗೇ ಹೊರೆ ಹೆಚ್ಚು. ಅದರ ಖರ್ಚು ೯ ಲಕ್ಷ ೬೦ ಸಾವಿರವಾಯಿತು. ಇನ್ನೂರು ರೂಪಾಯಿಯಲ್ಲಿ ಮಳಿಗೆಯವರ ಪಾಲು ನೂರಕ್ಕೆ ಮೂವತ್ತರಂತೆ ಹೋದರೆ ಕೈಗೆ ಬರುವುದು ೧೪೦. ತೆರಿಗೆಯ ಮಾತನ್ನು ಸದ್ಯಕ್ಕೆ ಬಿಡೋಣ. ಖರ್ಚು ಹುಟ್ಟಬೇಕಾದರೆ ೬,೮೬೦ ಜನ ಕೊಳ್ಳಬೇಕು. ಕೊಂಡರೆಂದೇ ಇಟ್ಟುಕೊಳ್ಳಿ.

ಎರಡನೆಯ ಕಂತನ್ನು ಕೊಳ್ಳುವವರು ಯಾರು? ಮೊದಲನೆಯದನ್ನು ಕೊಂಡವರೇ, ಹೊಸಬನು ನಡುವಿನಿಂದ ಕಥೆ ಹಿಡಿಯುವುದಿಲ್ಲ. ಅವರಲ್ಲಿ ಅರ್ಧ ಜನ ಮರಳಿ ಬಂದರೆಂದು ಭಾವಿಸಿದರೆ ೩,೪೩೦. ಬರುವ ಹಣ ೪ ಲಕ್ಷ ೮೦ ಸಾವಿರ, ಖರ್ಚೂ ಅಷ್ಟೇ. ಮೂರನೆಯದಕ್ಕೆ ಅವರಲ್ಲಿ ಅರ್ಧ, ಅಂದರೆ ೧,೭೧೫. ಬರುವುದು ೨ ಲಕ್ಷ ೪೦ ಸಾವಿರ, ಖರ್ಚು ಮಾತ್ರ ಹಿಂದಿನಷ್ಟೇ. ಕಥೆ ರಂಗೇರಬೇಕಾದ ಹೊತ್ತಿಗೆ ಪೆಟ್ಟಿಗೆ ಬರಿದಾಗುತ್ತದೆ. ಹೀಗೆಯೇ ಇಳಿದರೆ ನಾಲ್ಕನೆಯದರಲ್ಲಿ ೩ ಲಕ್ಷ ೬೦ ಸಾವಿರ, ಐದನೆಯದರಲ್ಲಿ ೪ ಲಕ್ಷ ೨೦ ಸಾವಿರ ನಷ್ಟ. ಮೂರರದೂ ಕೂಡಿದರೆ ಹತ್ತು ಲಕ್ಷ ದಾಟಿತು. ಐದನೆಯ ಕಂತು ಬಂದ ಮೇಲೆ, ಪೂರ್ತಿಯಾಗಲೆಂದು ಕಾಯುತ್ತಿದ್ದವರು ಒಟ್ಟಾಗಿ ಕೊಳ್ಳಬಹುದು. ‘ವಾಕಿಂಗ್ ಡೆಡ್’ನಂತೆ ಬಾಯಿಂದ ಬಾಯಿಗೆ ಮಾತು ಹರಡಲೂಬಹುದು. ಅಲ್ಲಿಯವರೆಗೆ ತಡೆದುಕೊಳ್ಳುವ ಬಂಡವಾಳವಿದ್ದವನಿಗೆ ಅದು ಸಂದ ಮಾತು. ಆದರೆ ಅಷ್ಟು ಬಂಡವಾಳವಿದ್ದವನು ಕಂತಿನ ಹಣವನ್ನು ನಂಬಿ ಕೂರಬೇಕಾದ ಅಗತ್ಯವೇನು? ಬಂಡವಾಳವಿಲ್ಲದವನ ಉಪಾಯವೆಂದು ತೋರುವ ಈ ಪದ್ಧತಿ ನಿಜವಾಗಿ ಬಂಡವಾಳವಿದ್ದವನಿಗೇ ಒಗ್ಗುವಂಥದು.

ನಮ್ಮ ಪತ್ರಿಕೆಯಲ್ಲಿಯೂ ಧಾರಾವಾಹಿಗಳಿಂದ ಪಾಠ ಕಲಿತಿದ್ದೇವೆ. ಆರಂಭದ ವರ್ಷಗಳಲ್ಲಿ ಒಬ್ಬ ಲೇಖಕರ ಕಾದಂಬರಿಯನ್ನು, ವಾರ ವಾರ ಬರೆದು ಕಳುಹಿಸುತ್ತೇನೆಂಬ ಅವರ ಮಾತನ್ನು ನಂಬಿ ಪ್ರಕಟಿಸಹೊರಟೆವು. ಹನ್ನೆರಡನೆಯ ವಾರ ನಾಯಕಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ ಅವರು ಬರೆಯುವುದನ್ನೇ ನಿಲ್ಲಿಸಿದರು. ಆ ಹೆಣ್ಣು ಬದುಕಿದಳೇ ಎಂದು ಕೇಳಿ ಅಂಧೇರಿಯಿಂದ, ಅಂಬರನಾಥದಿಂದ, ಪುಣೆಯಿಂದ ಕಾಗದಗಳು ಬಂದವು. ಏನೆಂದು ಉತ್ತರಿಸುವುದು? ಅಂದಿನಿಂದ ಕೊನೆಯ ಅಧ್ಯಾಯ ಮೇಜಿನ ಮೇಲೆ ಬಂದು ಬೀಳದೆ ಮೊದಲ ಅಧ್ಯಾಯವನ್ನು ಅಚ್ಚಿಗೆ ಕೊಡುವುದಿಲ್ಲ. ಇನ್ನೊಂದು ಭೇದವೂ ಉಂಟು. ಪತ್ರಿಕೆಯಲ್ಲಿ ಧಾರಾವಾಹಿಯನ್ನು ನಾವು ಪ್ರತ್ಯೇಕವಾಗಿ ಮಾರುವುದಿಲ್ಲ. ಮಾರುವುದು ಪತ್ರಿಕೆಯನ್ನು, ಧಾರಾವಾಹಿ ಓದುಗನನ್ನು ಮರಳಿ ಕರೆತರುತ್ತದೆ.

ಈ ಎರಡು ಮಾತುಗಳನ್ನೂ ಪಾಲಿಸಿದವರು ಆಟದ ಲೋಕದಲ್ಲಿ ಗೆದ್ದಿರುವುದು ನಮಗೆ ಕುತೂಹಲದ ವಿಷಯವಾಗಿ ಕಂಡಿತು. ಟೆಲ್‌ಟೇಲನ್ನು ಬಿಟ್ಟು ಬಂದ ಕೆಲವರು ಆಡ್‌ಹಾಕ್ ಎಂಬ ಹೆಸರಿನಲ್ಲಿ ಸೇರಿ, ೨೦೨೫ರ ಅಕ್ಟೋಬರ್ ೨೨ರಂದು ‘ಡಿಸ್ಪ್ಯಾಚ್’ ಎಂಬ ಆಟವನ್ನು ಹೊರತಂದರು. ಎಂಟು ಕಂತುಗಳು, ವಾರಕ್ಕೆ ಎರಡರಂತೆ ನವೆಂಬರ್ ೧೨ಕ್ಕೆ ಎಲ್ಲವೂ ಮುಗಿಯಿತು. ಮೂರು ವಾರಗಳಲ್ಲಿ ಎಂಟು ಕಂತು ಕೊಡಬೇಕಾದರೆ ಅಡುಗೆ ಮೊದಲೇ ಆಗಿರಬೇಕಲ್ಲವೇ? ಬಿಡಿ ಕಂತನ್ನು ಅವರು ಮಾರಲಿಲ್ಲ. ಪೂರ್ತಿ ಆಟಕ್ಕೆ ಒಂದೇ ಬೆಲೆ, ಸುಮಾರು ೩೦ ಡಾಲರು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಬಹು ಬೇಗನೆ ಖರ್ಚಾದವು. ಕಂತು ಇಲ್ಲಿ ಮಾರಾಟದ ತಕ್ಕಡಿಯಾಗಿರಲಿಲ್ಲ, ಬಡಿಸುವ ಕ್ರಮವಾಗಿತ್ತು. ಅಮೇರಿಕದ ಟೋಬಿ ಫಾಕ್ಸ್ ಎಂಬ ತರುಣನ ‘ಡೆಲ್ಟರೂನ್’ ಮತ್ತೊಂದು ಬಗೆ. ಮೊದಲ ಅಧ್ಯಾಯವನ್ನು ೨೦೧೮ರಲ್ಲಿ, ಎರಡನೆಯದನ್ನು ೨೦೨೧ರಲ್ಲಿ ಪುಕ್ಕಟೆಯಾಗಿ ಕೊಟ್ಟು, ೨೦೨೫ರ ಜೂನಿನಲ್ಲಿ ನಾಲ್ಕು ಅಧ್ಯಾಯ ಕೂಡಿದ ಮೇಲೆಯೇ ಹಣ ಕೇಳಿದನು. ಆಮೇಲಿನ ಅಧ್ಯಾಯಗಳಿಗೆ ಬೇರೆ ಹಣವಿಲ್ಲ. ಇದಕ್ಕೆ ಮುಂಚೆ ‘ಅಂಡರ್‌ಟೇಲ್’ ಎಂಬ ಆಟದಿಂದ ಆತನಿಗೆ ಹೆಸರು ಬಂದಿತ್ತೆಂಬುದನ್ನು ಮರೆಯಬಾರದು. ಹೆಸರಿಲ್ಲದ ಹೋಟೆಲಿನವನು ಏಳು ವರ್ಷ ಪುಕ್ಕಟೆ ಕಾಫಿ ಕೊಡಲಾರ.

ಆದಿತ್ಯವಾರ ಬಂದಿದ್ದ ಮಹನೀಯರನ್ನು ನಿನ್ನೆ ಸಂಜೆ ಮತ್ತೆ ಕರೆಸಿ ಇಷ್ಟನ್ನೂ ಹೇಳಿದೆವು. ಐದು ಕಂತಿನ ಯೋಜನೆಗೆ ಪ್ರಾವಿಡೆಂಟ್ ಫಂಡನ್ನು ಮುಟ್ಟಬೇಡಿರೆಂದು ಸ್ಪಷ್ಟವಾಗಿಯೇ ತಿಳಿಸಿದೆವು. ಮೂರು ಗಂಟೆಯಲ್ಲಿ ಮುಗಿಯುವ ಒಂದೇ ಸಣ್ಣ ಆಟವನ್ನು ಎಂಟು ತಿಂಗಳಲ್ಲಿ ಪೂರ್ತಿಗೊಳಿಸುವುದಾದರೆ, ಹುಡುಗರು ಹಗಲಿನ ನೌಕರಿಯನ್ನು ಬಿಡದೆ ದುಡಿಯುವುದಾದರೆ, ಹೋದರೂ ಮನೆ ನಡೆಯುವಷ್ಟು ಹಣವನ್ನು ಮಾತ್ರ, ಅದೂ ಐದರಲ್ಲಿ ಒಂದು ಪಾಲಿಗೆ ಮೀರದಂತೆ ಕೊಡಬಹುದೆಂದೆವು. ಅದರ ಆರಂಭದ ಅರ್ಧ ಗಂಟೆಯ ಆಟವನ್ನು ರುಚಿಗೆ ಪುಕ್ಕಟೆ ಕೊಡಲಿ. ಇನ್ನೂರು ರೂಪಾಯಿಯನ್ನು ಪೂರ್ತಿ ಆಟಕ್ಕೆ ಕೇಳಲಿ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಅವನು ಒಪ್ಪುವುದು ಕಷ್ಟ. ಕಥೆ ದೊಡ್ಡದುಂಟು ಎನ್ನುತ್ತಾನೆ” ಎಂದರು. ಲೆಕ್ಕ ಬರೆದಿದ್ದ ಹಾಳೆಯನ್ನು ಕೇಳಿ ಪಡೆದುಕೊಂಡು, ನಾಲ್ಕಾಗಿ ಮಡಚಿ, ರೈಲಿನ ಪಾಸು ಇಡುವ ಜೇಬಿನಲ್ಲಿಟ್ಟುಕೊಂಡರು. ಶನಿವಾರ ಪುಣೆಗೆ ಹೋಗುತ್ತಾರಂತೆ.